ಹುಲ್ಲಿನ ಮೇಲೆ ಬಲೆ ಹಾಸುವ ತೋಳ ಜೇಡ: ಹಿಪ್ಪಾಸಾ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರ ತೆಂಗಿನ ತೋಟ. ಮಳೆಗಾಲ ಮುಗಿದ ಮೇಲೆ ಬೆಳಗಿನ ಹೊತ್ತು ಹುಲ್ಲಿನ ಮೇಲೆ ನೂರಾರು ಬಲೆ ಕಾಣುತ್ತವೆ. ತೆಳ್ಳನೆ ಬಿಳಿ ಬಟ್ಟೆ ಹಾಸಿದ ಹಾಗೆ, ಒಂದು ಮೂಲೆಯಲ್ಲಿ ಲಾಳಿಕೆ ಥರ ತೂತು. ಫೋನಿನ ಆ್ಯಪ್ 'ತೋಳ ಜೇಡ, ಹಿಪ್ಪಾಸಾ' ಎನ್ನುತ್ತದೆ. ಆದರೆ ತೋಳ ಜೇಡಗಳು ಬಲೆ ಕಟ್ಟುವುದಿಲ್ಲ ಎಂದು ಓದಿದ ನೆನಪು. ಯಾವುದು ಸರಿ? ಇದು ನಮ್ಮ ಕಡೆ ಮಾತ್ರ ಇರುವ ಜೇಡವಾ? 'ಫನಲ್ ವೆಬ್' ಜೇಡ ಕಚ್ಚಿದರೆ ಸಾಯುತ್ತಾರೆ ಅಂತಲೂ ಓದಿದೆ. ಮಕ್ಕಳು ಅದೇ ಹುಲ್ಲಿನ ಮೇಲೆ ಆಡುತ್ತಾರೆ. ಔಷಧಿ ಹೊಡೆಸಬೇಕಾ?

ಉತ್ತರ: ಮೊದಲು ಮಕ್ಕಳ ಮಾತು ಮುಗಿಸಿಬಿಡೋಣ. ಆ ಭಯ ಒಳಗೆ ಕೂತಿದ್ದರೆ ಮುಂದಿನದ್ದು ಓದಲು ಮನಸ್ಸು ಬರುವುದಿಲ್ಲ. ನೀವು ಓದಿದ ಆ ಪ್ರಾಣ ತೆಗೆಯುವ ಜೇಡ ಆಸ್ಟ್ರೇಲಿಯಾದ್ದು. ಅಟ್ರಾಕ್ಸ್ ರೋಬಸ್ಟಸ್ ಅಂತ ಅದರ ಹೆಸರು, ಸಿಡ್ನಿಯ ಸುತ್ತಮುತ್ತ ಇರುತ್ತದೆ. ಅದರ ಕಡಿತದಿಂದ 13 ಜನ ಸತ್ತ ದಾಖಲೆ ಇದೆ. 1981ರಲ್ಲಿ ಪ್ರತಿವಿಷ ಬಂದ ಮೇಲೆ ಒಂದೂ ಸಾವಿಲ್ಲ. ಅದು ತೀರಾ ಬೇರೆ ವಂಶ. ಕೋರೆಗಳೆರಡನ್ನೂ ಪಿಕಾಸಿ ಬೀಸಿದ ಹಾಗೆ ಮೇಲಿಂದ ಕೆಳಕ್ಕೆ ಇಳಿಸುವ ಜಾತಿ ಅದು. ನಿಮ್ಮ ತೋಟದ ಜೇಡ ಕೋರೆಗಳನ್ನು ಇಕ್ಕಳದ ಹಾಗೆ ಅಡ್ಡಕ್ಕೆ ಹಿಡಿಯುತ್ತದೆ. ಎರಡೂ ಲಾಳಿಕೆ ಥರದ ಬಿಲ ಮಾಡುತ್ತವೆ, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು ಬಿದ್ದಿದೆ, ಅಷ್ಟೇ. ನಿಮ್ಮ ಹುಲ್ಲಿನ ಮೇಲಿರುವ ಜೇಡ ಮನುಷ್ಯರ ಪ್ರಾಣಕ್ಕೆ ಅಪಾಯ ತರುವಂಥದ್ದಲ್ಲ. ಕೈಯಲ್ಲಿ ಅದುಮಿ ಹಿಡಿದರೆ ಕಚ್ಚೀತು, ಆಗ ಉರಿ, ಸ್ವಲ್ಪ ಊತ ಬರಬಹುದು. ಸೋಪು ಹಾಕಿ ತೊಳೆಯಿರಿ. ಊತ ಹೆಚ್ಚುತ್ತಾ ಹೋದರೆ ಯಾವ ಹುಳ ಕಚ್ಚಿದರೂ ಮಾಡುವ ಹಾಗೆ ಡಾಕ್ಟರ ಹತ್ತಿರ ಹೋಗಿ. ಆದರೆ ಅದು ತಾನಾಗಿ ಮಕ್ಕಳ ಮೈಮೇಲೆ ಬರುವುದಿಲ್ಲ. ಹೆಜ್ಜೆ ಸಪ್ಪಳ ಕೇಳಿದರೆ ತೂತಿನೊಳಗೆ ಓಡಿಬಿಡುತ್ತದೆ. ಬಲೆಯ ಹತ್ತಿರ ಬಗ್ಗಿದಾಗಲೆಲ್ಲ ಖಾಲಿ ತೂತೇ ಕಂಡಿರುತ್ತೆ, ಅಲ್ವಾ?

ಈಗ ಅಸಲು ಪ್ರಶ್ನೆ. ಆ್ಯಪ್ ಹೇಳಿದ್ದು ಸರಿ. ನಿಮ್ಮ ವಿವರಣೆಗೆ ಹಿಪ್ಪಾಸಾ ಚೆನ್ನಾಗಿ ಹೊಂದುತ್ತದೆ. ನೀವು ಓದಿದ್ದೂ ಪೂರ್ತಿ ತಪ್ಪಲ್ಲ. ತೋಳ ಜೇಡಗಳ ಕುಟುಂಬಕ್ಕೆ ಲೈಕೋಸಿಡೇ ಎಂದು ಹೆಸರು. ಅದರಲ್ಲಿ 2,400ಕ್ಕೂ ಜಾಸ್ತಿ ಪ್ರಭೇದಗಳಿವೆ, 120ಕ್ಕೂ ಜಾಸ್ತಿ ಕುಲಗಳಿವೆ. ಇವುಗಳಲ್ಲಿ ಬಹುಪಾಲು ಬಲೆ ಕಟ್ಟುವುದೇ ಇಲ್ಲ. ನೆಲದ ಮೇಲೆ ಓಡಾಡಿ, ಹೊಂಚು ಹಾಕಿ, ಮೇಲೆ ಬಿದ್ದು ಹಿಡಿಯುತ್ತವೆ. ತೋಳ ಅಂತ ಹೆಸರು ಬಂದದ್ದೇ ಅದಕ್ಕೆ. ನಮ್ಮ ಭಾಷೆಯಲ್ಲಾದರೋ ಜೇಡ ಎಂದರೆ ನೇಕಾರ ಅಂತಲೂ ಅರ್ಥ ಇದೆ. ಈ ಕುಟುಂಬದ ಮಟ್ಟಿಗೆ ನಮ್ಮ ಹೆಸರು ಒಪ್ಪುವುದು ಕೆಲವೇ ಕೆಲವು ಕುಲಗಳಿಗೆ, ಅದರಲ್ಲಿ ಹಿಪ್ಪಾಸಾ ಮೊದಲನೆಯದು. ತೋಳವೂ ಹೌದು, ನೇಕಾರನೂ ಹೌದು.

ಬಲೆ ನೋಡಿ ಕುಟುಂಬ ಹೇಳಬಾರದು. ನನ್ನ ಹತ್ತಿರ ಜೇಡದ ಫೋಟೋ ತರುವ ಹುಡುಗ ಹುಡುಗಿಯರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಬಲೆ ಒಂದು ಕಸುಬು, ಕುಲ ಅಲ್ಲ. ಕುಂಬಾರಿಕೆ ಕಲಿತವರೆಲ್ಲ ಒಂದೇ ಮನೆತನದವರಾಗಬೇಕಿಲ್ಲವಲ್ಲ, ಹಾಗೆ. ಇದೇ ಥರದ ಹಾಸುಬಲೆ, ಇದೇ ಥರದ ಲಾಳಿಕೆ ಮಾಡುವ ಅಜೆಲೆನಿಡೇ ಎಂಬ ಇನ್ನೊಂದು ಕುಟುಂಬ ಇದೆ, ತೋಳ ಜೇಡಕ್ಕೂ ಅದಕ್ಕೂ ಹತ್ತಿರದ ನಂಟಿಲ್ಲ. ದೂರದಿಂದ ನೋಡಿದರೆ ಬಲೆಗಳಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹಾಗಾದರೆ ಗುರುತು ಹಿಡಿಯುವುದು ಹೇಗೆ? ಮುಖ ನೋಡಬೇಕು.

ತೋಳ ಜೇಡಕ್ಕೆ ಎಂಟು ಕಣ್ಣು, ಮೂರು ಸಾಲು. ಕೆಳಗಿನ ಸಾಲಿನಲ್ಲಿ ನಾಲ್ಕು ಪುಟಾಣಿ ಕಣ್ಣು. ಅದರ ಮೇಲೆ, ನೇರವಾಗಿ ನಿಮ್ಮನ್ನೇ ನೋಡುವ ಹಾಗೆ ಎರಡು ದೊಡ್ಡ ಕಣ್ಣು. ಇನ್ನೂ ಮೇಲೆ, ತಲೆಯ ಹಿಂಭಾಗಕ್ಕೆ, ಮಧ್ಯಮ ಗಾತ್ರದ ಇನ್ನೆರಡು. ನಾಲ್ಕು, ಎರಡು, ಎರಡು. ಅಜೆಲೆನಿಡೇ ಜೇಡಗಳ ಕಣ್ಣು ಹೀಗಿಲ್ಲ, ಅವಕ್ಕೆ ನಾಲ್ಕು ನಾಲ್ಕರ ಎರಡು ಸಾಲು, ಹೆಚ್ಚು ಕಡಿಮೆ ಒಂದೇ ಗಾತ್ರ. ಇದನ್ನು ನೋಡಲು ಹಗಲಿಗಿಂತ ರಾತ್ರಿ ಒಳ್ಳೆಯದು. ಟಾರ್ಚನ್ನು ಕೈಯಲ್ಲಿ ಹಿಡಿಯಬೇಡಿ, ಹಣೆಗೆ ಆನಿಸಿಕೊಳ್ಳಿ, ಇಲ್ಲವೇ ಹೆಡ್‌ಲ್ಯಾಂಪ್ ಕಟ್ಟಿಕೊಳ್ಳಿ. ತೋಟದ ಹುಲ್ಲಿನ ಮೇಲೆ ನಿಧಾನಕ್ಕೆ ಬೆಳಕು ಹಾಯಿಸಿ. ಇಬ್ಬನಿ ಹನಿಯೇನೋ ಅನ್ನುವ ಹಾಗೆ ಹಸಿರು ಮಿಂಚುಗಳು ಕಾಣುತ್ತವೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಹನಿಯ ಹೊಳಪು ಆರಿ ಬಣ್ಣ ಬದಲಾಗುತ್ತದೆ, ಕಣ್ಣಿನ ಹೊಳಪು ಹಾಗೇ ನಿಂತಿರುತ್ತದೆ. ಅದು ತೋಳ ಜೇಡ. ಬೆಕ್ಕಿನ ಕಣ್ಣಿನಲ್ಲಿರುವಂತೆ ಇವುಗಳ ಕಣ್ಣಿನ ಹಿಂದೆಯೂ ಬೆಳಕನ್ನು ವಾಪಸ್ ಕಳಿಸುವ ಒಂದು ಪದರ ಇದೆ. ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ಅದಕ್ಕೇ ಟಾರ್ಚ್ ಕಣ್ಣಿನ ಮಟ್ಟದಲ್ಲೇ ಇರಬೇಕು.

ಎರಡನೇ ಗುರುತು ತಾಯಿಯದು. ತೋಳ ಜೇಡದ ಹೆಣ್ಣು ಮೊಟ್ಟೆಗಳನ್ನು ರೇಷ್ಮೆಯ ದುಂಡು ಚೀಲದಲ್ಲಿಟ್ಟು, ಎರಡು ಹೋಳು ಸೇರಿಸಿ ಹೊಲಿದ ಹಾಗೆ ಅಂಚು ಮುಚ್ಚಿ, ಅದನ್ನು ತನ್ನ ಬಾಲದ ತುದಿಗೆ, ಅಂದರೆ ನೂಲು ಬರುವ ಕೊಳವೆಗಳಿಗೆ ಕಟ್ಟಿಕೊಂಡು ಓಡಾಡುತ್ತದೆ. ಮೀನುಗಾರ ಜೇಡಗಳ ಕುಟುಂಬದ ಹೆಣ್ಣು ಅದೇ ಚೀಲವನ್ನು ಬಾಯಲ್ಲಿ ಕಚ್ಚಿ ಹೊರುತ್ತದೆ. ತೋಳ ಜೇಡ ಹಿಂದೆ ಕಟ್ಟಿಕೊಳ್ಳುತ್ತದೆ. ಮರಿ ಆದ ಮೇಲೆ ತಾಯಿಯೇ ಚೀಲದ ಅಂಚು ಬಿಚ್ಚಿಕೊಡುತ್ತದೆ, ಮರಿಗಳೆಲ್ಲ ಹೊರಗೆ ಬಂದು ಅವಳ ಬೆನ್ನು ಹತ್ತುತ್ತವೆ. ತಾಯಿಯ ಹೊಟ್ಟೆಯ ಮೇಲೆ ತುದಿ ಗುಂಡಗಿರುವ ವಿಶೇಷ ಕೂದಲುಗಳಿರುತ್ತವೆ, ಮರಿಗಳು ಹಿಡಿದುಕೊಳ್ಳಲೆಂದೇ ಇರುವಂಥವು. ಹಿಪ್ಪಾಸಾ ಬಲೆ ಹಾಸುವ ಜೇಡವಾದರೂ ಈ ಮನೆತನದ ಪದ್ಧತಿ ಬಿಟ್ಟಿಲ್ಲ. ಲಾಳಿಕೆಯ ಬಾಯಲ್ಲಿ ಕೂತ ಹೆಣ್ಣಿನ ಬಾಲಕ್ಕೆ ಬಿಳಿ ಗುಂಡು ಅಂಟಿರುವುದು ಕಂಡರೆ ಮತ್ತೆ ಅನುಮಾನ ಪಡಬೇಕಾಗಿಲ್ಲ.

ಇನ್ನು, ತೋಳ ಜೇಡಗಳಲ್ಲೇ ಹಿಪ್ಪಾಸಾವನ್ನು ಬೇರೆ ಮಾಡುವ ಗುರುತು: ಹಿಂದಿನ ಜೋಡಿ ನೂಲು ಕೊಳವೆಗಳು. ಬೇರೆ ಬಹುಪಾಲು ತೋಳ ಜೇಡಗಳಲ್ಲಿ ಇವು ಮೊಂಡಾಗಿ, ಹೊಟ್ಟೆಯ ಕೆಳಗೆ ಅಡಗಿರುತ್ತವೆ. ಹಿಪ್ಪಾಸಾದಲ್ಲಿ ಉದ್ದ, ಎರಡು ಗೆಣ್ಣು, ಮೇಲಿನಿಂದ ನೋಡಿದರೂ ಹೊಟ್ಟೆಯ ತುದಿಯಿಂದ ಎರಡು ಪುಟ್ಟ ಬಾಲದ ಹಾಗೆ ಚಾಚಿಕೊಂಡಿರುತ್ತವೆ. ಹಾಸುಬಲೆ ನೇಯಲು ಇವು ಬೇಕು. ಜೇಡ ಓಡುತ್ತಾ ಓಡುತ್ತಾ ಹೊಟ್ಟೆಯನ್ನು ಆ ಕಡೆ ಈ ಕಡೆ ಆಡಿಸಿದಾಗ ಅಗಲವಾಗಿ ನೂಲು ಬೀಳುತ್ತದೆ.

ಒಂದು ಬೆಳಗ್ಗೆ ಗದ್ದೆಯ ಬದುವಿನ ಮೇಲೆ ಬೋರಲು ಮಲಗಿ ಒಂದೇ ಬಲೆಯನ್ನು ಎರಡು ಗಂಟೆ ನೋಡಿದ್ದೆ. ಇಬ್ಬನಿ ಇರುವವರೆಗೂ ಜೇಡ ಒಳಗೇ ಇತ್ತು. ಬಿಸಿಲು ತಾಗಿ ಹನಿಗಳು ಆರಿದ ಹಾಗೆ ಬಲೆಯೂ ಕಣ್ಣಿಗೆ ಕಾಣದಂತಾಯಿತು, ಅದೇ ಹೊತ್ತಿಗೆ ಜೇಡ ಲಾಳಿಕೆಯ ಬಾಯಿಗೆ ಬಂದು ಮುಂದಿನ ಎರಡು ಕಾಲನ್ನು ಹಾಸಿನ ಮೇಲಿಟ್ಟು ಕೂತಿತು. ಮೈ ಒಂದು ಸೆಂಟಿಮೀಟರ್ ಆಸುಪಾಸು, ಒಣ ಹುಲ್ಲಿನ ಬಣ್ಣ, ಹೊಟ್ಟೆಯ ಮೇಲೆ ಬಿಳಿ ಚುಕ್ಕಿ. ಒಂದು ಜಿಗಿಹುಳ ಬಂದು ಹಾಸಿನ ಮೇಲೆ ಬಿತ್ತು. ಆ ನೂಲಿಗೆ ಅಂಟಿಲ್ಲ. ಹುಳ ಅಂಟಿಕೊಳ್ಳಲಿಲ್ಲ, ಕಾಲು ಎಡವಿತು, ಅಷ್ಟೇ. ಎರಡನೇ ಕಾಲು ಬಿಡಿಸಿಕೊಳ್ಳುವಷ್ಟರಲ್ಲಿ ಜೇಡ ಬಲೆಯ ಮೇಲೇ ಓಡಿ ಬಂದು ಕಚ್ಚಿ ತೂತಿನೊಳಗೆ ಎಳೆದುಕೊಂಡು ಹೋಗಿತ್ತು. ಆಮೇಲೆ ನಾನು ಒಂದು ಹುಲ್ಲುಕಡ್ಡಿಯಿಂದ ಹಾಸನ್ನು ಮೆಲ್ಲಗೆ ತಟ್ಟಿದೆ. ಮೊದಲ ಸಲ ಒಂದು ಗೇಣು ಓಡಿ ಬಂದು ನಿಂತು ವಾಪಸ್ ಹೋಯಿತು. ಎರಡನೇ ಸಲ ಅರ್ಧ ದಾರಿ. ಮೂರನೇ ಸಲ ಬಾಯಿಯಿಂದ ಕದಲಲೇ ಇಲ್ಲ. ಬಲೆ ಅದಕ್ಕೆ ಬೋನಲ್ಲ. ಚಾಚಿಟ್ಟ ಅಂಗೈ ಇದ್ದ ಹಾಗೆ, ಅದರ ಮೂಲಕವೇ ಸುತ್ತಲಿನ ಸುದ್ದಿ ಗೊತ್ತಾಗುವುದು. ಓಡಿ ಹಿಡಿಯುವುದು ಮಾತ್ರ ತೋಳ ಜೇಡದ್ದೇ ವರಸೆ.

ವರ್ಗೀಕರಣದ ಕಥೆಗೆ ಬರೋಣ, ಇಲ್ಲಿ ಹೆಸರುಗಳೇ ಅರ್ಧ ಕಥೆ ಹೇಳುತ್ತವೆ. ಫ್ರಾನ್ಸಿನ ಯೂಜೀನ್ ಸಿಮೋನ್ 1884ರಲ್ಲಿ ಬರ್ಮಾದ ಒಂದು ಜೇಡವನ್ನು ವಿವರಿಸಿ ಪಿರಾಟಾ ಅಜೆಲೆನಾಯ್ಡಿಸ್ ಅಂತ ಹೆಸರಿಟ್ಟ. ಪಿರಾಟಾ ಎಂಬುದು ಬೇರೊಂದು ತೋಳ ಜೇಡದ ಕುಲ. ಅಜೆಲೆನಾಯ್ಡಿಸ್ ಅಂದರೆ ಅಜೆಲೆನಾ ಥರ ಇರುವುದು, ಅಂದರೆ ನಾನು ಆಗಲೇ ಹೇಳಿದ ಆ ಇನ್ನೊಂದು ಹಾಸುಬಲೆ ಕುಟುಂಬದ ಜೇಡದ ಥರ. ನೀವು ಇವತ್ತು ಕೇಳಿದ ಗೊಂದಲ 1884ರಲ್ಲೇ ಆ ಹೆಸರಿನೊಳಗೆ ಸೇರಿಕೊಂಡಿದೆ ನೋಡಿ. ಮುಂದಿನ ವರ್ಷವೇ, 1885ರಲ್ಲಿ, ಸಿಮೋನ್ ಹಿಪ್ಪಾಸಾ ಎಂಬ ಹೊಸ ಕುಲ ಕಟ್ಟಿ ಇದನ್ನು ಅದರ ಮಾದರಿ ಪ್ರಭೇದ, ಅಂದರೆ ಕುಲದ ಹೆಸರು ಅಂಟಿಕೊಂಡಿರುವ ಪ್ರಭೇದ, ಮಾಡಿದ. 1900ರಲ್ಲಿ ಇಂಗ್ಲೆಂಡಿನ ಪೋಕಾಕ್ ಭಾರತದ ಜೇಡಗಳ ಬಗ್ಗೆ ಬರೆಯುವಾಗ ಇನ್ನೆರಡು ಹೆಸರು ಕೊಟ್ಟ: ಹಿಪ್ಪಾಸಾ ಪೈಸಾರಿನಾ, ಹಿಪ್ಪಾಸಾ ಲೈಕೋಸಿನಾ. ಒಂದು ಮೀನುಗಾರ ಜೇಡಗಳ ಕುಟುಂಬದ ಪೈಸಾರಾ ಜೇಡದ ಥರ, ಇನ್ನೊಂದು ಲೈಕೋಸಾ ಎಂಬ ತೋಳ ಜೇಡದ ಥರ. ಮೂರು ಹೆಸರು, ಮೂರೂ 'ಇದು ಅದರ ಥರ' ಎನ್ನುತ್ತವೆ. ನೋಡಿದವರೆಲ್ಲರಿಗೂ ಇದು ಬೇರೆ ಯಾವುದೋ ಜೇಡವನ್ನು ನೆನಪಿಸಿದೆ.

ಈ ಕುಲವನ್ನು ತೋಳ ಜೇಡಗಳಲ್ಲಿ ಎಲ್ಲಿ ಕೂರಿಸಬೇಕು ಎಂಬುದೂ ಬಹಳ ಕಾಲ ಎಳೆದಾಡಿದ ವಿಷಯ. ಬಲೆ ಕಟ್ಟುವ ತೋಳ ಜೇಡಗಳು ಹಿಪ್ಪಾಸಾ ಮಾತ್ರ ಅಲ್ಲ. ಅಮೆರಿಕದ ಫ್ಲಾರಿಡಾ ಕಡೆ ಸೊಸಿಪ್ಪಸ್ ಇದೆ, ದಕ್ಷಿಣ ಅಮೆರಿಕದಲ್ಲಿ ಅಗ್ಲಾವೋಕ್ಟೆನಸ್ ಇದೆ, ಆಗ್ನೇಯ ಏಷ್ಯಾದಿಂದ ಆಸ್ಟ್ರೇಲಿಯಾವರೆಗೆ ಪುಟ್ಟ ವೆನೋನಿಯಾ ಇದೆ. ಉದ್ದ ನೂಲು ಕೊಳವೆ, ಹಾಸುಬಲೆ, ಲಾಳಿಕೆ ಎಲ್ಲ ನೋಡಿದರೆ ಇವೆಲ್ಲ ಒಂದೇ ಗುಂಪಿರಬೇಕು ಅನ್ನಿಸುವುದು ಸಹಜ. ಆದರೆ ಡಿಎನ್‌ಎ ನೋಡಲು ಶುರು ಮಾಡಿದ ಮೇಲೆ ಚಿತ್ರ ಬದಲಾಯಿತು. 2006ರಲ್ಲಿ ಆಸ್ಟ್ರೇಲಿಯಾ ಕಡೆಯ ಒಂದು ತಂಡ, ಆಮೇಲೆ 2019ರಲ್ಲಿ ಅರ್ಜೆಂಟೀನಾದ ಪಿಯಾಸೆಂಟಿನಿ ಮತ್ತು ರಮಿರೇಸ್ ಇನ್ನೂ ದೊಡ್ಡದಾಗಿ, ಇಡೀ ಕುಟುಂಬದ ವಂಶವೃಕ್ಷ ಕಟ್ಟಿದರು. ಬಲೆಗಾರ ಜೇಡಗಳು ಒಂದೇ ಕೊಂಬೆಯಲ್ಲಿ ಸಿಗಲಿಲ್ಲ. ಅಮೆರಿಕದವು ಸೊಸಿಪ್ಪಿನೇ ಎಂಬ ಉಪಕುಟುಂಬಕ್ಕೆ ಹೋದವು, ನಮ್ಮದು ಹಿಪ್ಪಾಸಿನೇ, ವೆನೋನಿಯಾದ್ದು ಮತ್ತೊಂದೇ ಕಡೆ. ನಾನು ಕಸುಬು ಬೇರೆ, ಕುಲ ಬೇರೆ ಎಂದದ್ದು ಇದಕ್ಕೇ. ನಿಮ್ಮ ತೋಟದ ಹಿಪ್ಪಾಸಾಗೂ ಫ್ಲಾರಿಡಾದ ಸೊಸಿಪ್ಪಸ್‌ಗೂ ಬಲೆ ಒಂದೇ ಥರ, ಆದರೆ ಮನೆತನ ಬೇರೆ.

ಈಗ ಎಲ್ಲೆಲ್ಲಿವೆ ಎಂಬ ಪ್ರಶ್ನೆ. ನಿಮ್ಮ ಕಡೆ ಮಾತ್ರ ಖಂಡಿತ ಅಲ್ಲ. ಹಿಪ್ಪಾಸಾ ಕುಲದಲ್ಲಿ ಹತ್ತಾರು ಪ್ರಭೇದಗಳಿವೆ. ಪಶ್ಚಿಮ ಆಫ್ರಿಕಾದಿಂದ ಶುರುವಾಗಿ, ದಕ್ಷಿಣ ಆಫ್ರಿಕಾ, ಈಜಿಪ್ಟ್, ಅರಬ್ ನಾಡುಗಳು, ಭಾರತ, ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್ ದಾಟಿ ಚೀನಾದ ಯುನ್ನಾನ್, ಫಿಲಿಪ್ಪೀನ್ಸ್‌ವರೆಗೂ ಹರಡಿವೆ. ಅಮೆರಿಕ ಖಂಡಗಳಲ್ಲಿ ಈ ಕುಲ ಇಲ್ಲ. ಐವರಿ ಕೋಸ್ಟಿನ ಲಾಮ್ಟೊ ಎಂಬ ಜಾಗದ ಹೆಸರಿನಲ್ಲೇ ಹಿಪ್ಪಾಸಾ ಲಾಮ್ಟೊಯೆನ್ಸಿಸ್ ಇದೆ, ದಕ್ಷಿಣ ಆಫ್ರಿಕಾದಲ್ಲಿ ಹಿಪ್ಪಾಸಾ ಆಸ್ಟ್ರಾಲಿಸ್ ಇದೆ, ಭೂತಾನದಲ್ಲಿ ಬೈಫೇಸಿಯಾಟಾ ಇದೆ. ಆಫ್ರಿಕಾದ ಹಿಪ್ಪಾಸಾಗಳನ್ನು ಬೆಲ್ಜಿಯಂನ ಆಲ್ಡರ್‌ವೈರೆಲ್ಟ್ ಮತ್ತು ಜೋಕೆ 2005ರಲ್ಲಿ ಪೂರ್ತಿ ಮರುಪರಿಶೀಲನೆ ಮಾಡಿದರು. ಹಳೆಯ ಮಾದರಿಗಳನ್ನು ಹುಡುಕಿ ತೆಗೆದು, ಒಂದೊಂದನ್ನೂ ಮತ್ತೆ ಚಿತ್ರ ಬರೆದು, ಯಾವ ಹೆಸರು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ತೀರ್ಮಾನಿಸಿದರು. ಸಿನಾಯ್ ಎಂಬ ಹೆಸರಿನ ಹೊಸ ಪ್ರಭೇದವೂ ಆ ಕೆಲಸದಲ್ಲೇ ಬಂತು. ಅಂಥ ಕೆಲಸ ಎಷ್ಟು ಬೆಲೆಯದ್ದು ಅಂತ ಹೊರಗಿನವರಿಗೆ ಅಂದಾಜಾಗುವುದು ಕಷ್ಟ. ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂತು, ನೂರು ವರ್ಷ ಹಳೆಯ ಬಣ್ಣಗೆಟ್ಟ ಜೇಡಗಳನ್ನು ನೋಡುವ ಕೆಲಸ ಅದು.

ಇಷ್ಟು ದೂರ ಹೇಗೆ ಹರಡಿದವು? ತೋಳ ಜೇಡದ ಮರಿಗಳು ತಾಯಿಯ ಬೆನ್ನಿಳಿದ ಮೇಲೆ ಹುಲ್ಲಿನ ತುದಿ ಹತ್ತಿ, ಹೊಟ್ಟೆ ಮೇಲೆತ್ತಿ ನೂಲು ಬಿಡುತ್ತವೆ. ಗಾಳಿ ಆ ನೂಲನ್ನು ಎಳೆದುಕೊಂಡು ಹೋಗುತ್ತದೆ, ಜೊತೆಗೆ ಮರಿಯೂ. ಹಿಪ್ಪಾಸಾಗೆ ಬೇಕಾದದ್ದು ಗಿಡ್ಡ ಹುಲ್ಲು, ಬಯಲು, ಬದು, ಒಂದಿಷ್ಟು ಬಿಸಿಲು. ಆಫ್ರಿಕಾದ ಸವನ್ನಾ, ನಮ್ಮ ಬಯಲುಸೀಮೆ, ಆಗ್ನೇಯ ಏಷ್ಯಾದ ಭತ್ತದ ಗದ್ದೆ, ಈ ಜೇಡದ ಕಣ್ಣಿಗೆ ಎಲ್ಲ ಒಂದೇ ಥರದ ಮನೆ.

ಆದರೆ ನಕ್ಷೆ ಬಗ್ಗೆ ಒಂದು ಮಾತು ಹೇಳಲೇಬೇಕು, ನನಗೆ ತುಂಬ ಮುಖ್ಯ ಅನ್ನಿಸುವ ಮಾತು. ಭಾರತದ ಹಿಪ್ಪಾಸಾಗಳ ಹೆಸರು ಸುಮ್ನೆ ಓದುತ್ತಾ ಹೋಗಿ. ಮದ್ರಾಸ್‌ಪಟಾನಾ, ಹಿಮಾಲಯೆನ್ಸಿಸ್, ಮಹಾಬಲೇಶ್ವರೆನ್ಸಿಸ್, ಹರಿಯಾಣೆನ್ಸಿಸ್. ಜೇಡಗಳು ಊರೂರಿಗೆ ಒಂದೊಂದು ಇವೆಯೇನೋ ಅನ್ನಿಸುತ್ತದೆ. ಈ ಹೆಸರುಗಳ ಹಿಂದೆ ಯಾರಿದ್ದರು ನೋಡಿ. ಮದ್ರಾಸ್‌ಪಟಾನಾ ಮತ್ತು ಹಿಮಾಲಯೆನ್ಸಿಸ್ ಹೆಸರಿಟ್ಟವನು ಗ್ರೇವ್ಲಿ, 1924ರಲ್ಲಿ. ಅವನು ಕಲ್ಕತ್ತಾದ ಮ್ಯೂಸಿಯಂನಲ್ಲಿದ್ದು ಆಮೇಲೆ ಮದ್ರಾಸ್ ಮ್ಯೂಸಿಯಂಗೆ ಮುಖ್ಯಸ್ಥನಾಗಿ ಬಂದವನು. ಮಹಾಬಲೇಶ್ವರದ ಹೆಸರು 1980ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಟಿಕಾದರ್ ಮತ್ತು ಮಲ್ಹೋತ್ರಾ ಕೊಟ್ಟದ್ದು. ಹರಿಯಾಣದ್ದು 1994ರಲ್ಲಿ ಅರೋರಾ ಮತ್ತು ಮೋಂಗಾ ಅವರಿಂದ. ಹುಡುಕುವವನು ಎಲ್ಲಿದ್ದನೋ, ಎಲ್ಲಿಗೆ ಹೋದನೋ ಅಲ್ಲಿ ಚುಕ್ಕಿ ಬಿತ್ತು. ಯಾರೂ ಹೋಗದ ಕಡೆ ನಕ್ಷೆ ಖಾಲಿ. ಖಾಲಿ ಜಾಗ ಎಂದರೆ ಅಲ್ಲಿ ಜೇಡ ಇಲ್ಲ ಅಂತ ಅಲ್ಲ, ಅಲ್ಲಿ ಯಾರೂ ಬಗ್ಗಿ ನೋಡಿಲ್ಲ ಅಂತ. ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಲ್ಲುಗಳಲ್ಲಿ ಬೆಳಗ್ಗೆ ಇಷ್ಟೊಂದು ಬಲೆ ಇರುತ್ತವೆ, ಬಗ್ಗಿ ನೋಡಿ ಬರೆದಿಟ್ಟವರು ಕಡಿಮೆ.

ಬರೆದಿಡುವುದು ಯಾಕೆ ಮುಖ್ಯ ಅಂತ ನಾನು ಕಷ್ಟಪಟ್ಟು ಕಲಿತೆ. ಕೆಲಸದ ಮೊದಲ ವರ್ಷಗಳಲ್ಲಿ ಒಂದು ಇಡೀ ಮಳೆಗಾಲ ಸುತ್ತಾಡಿ ತಂದ ಜೇಡಗಳನ್ನು ಆಲ್ಕೋಹಾಲ್ ಸೀಸೆಗಳಲ್ಲಿಟ್ಟು, ಒಳಗೆ ಬಾಲ್‌ಪೆನ್ನಿನಲ್ಲಿ ಬರೆದ ಚೀಟಿ ಹಾಕಿದ್ದೆ. ಕೆಲವು ತಿಂಗಳ ಮೇಲೆ ತೆಗೆದರೆ ಶಾಯಿ ಕರಗಿ ಚೀಟಿಗಳೆಲ್ಲ ಬಿಳಿ. ಜೇಡಗಳು ಚೆನ್ನಾಗಿದ್ದವು, ಅವಕ್ಕೆ ಊರಿರಲಿಲ್ಲ. ಊರಿಲ್ಲದ ಜೇಡದಿಂದ ನಕ್ಷೆಗೆ ಏನೂ ಸಿಗುವುದಿಲ್ಲ. ಆವತ್ತಿನಿಂದ ಪೆನ್ಸಿಲ್ ಬಿಟ್ಟು ಬೇರೆ ಯಾವುದರಲ್ಲೂ ಬರೆದಿಲ್ಲ, ನನ್ನ ಹತ್ತಿರ ಕಲಿಯಲು ಬಂದವರಿಗೂ ಮೊದಲ ದಿನ ಕೊಡುವುದು ಪೆನ್ಸಿಲ್ಲೇ.

ಹೆಸರು ಮತ್ತು ಊರಿನ ಈ ಗೊಂದಲ ನಮ್ಮ ರಾಜ್ಯದ್ದೇ ಒಂದು ಉದಾಹರಣೆಯಲ್ಲಿ ಚೆನ್ನಾಗಿ ಕಾಣುತ್ತದೆ. ಹಿಪ್ಪಾಸಾ ಪಾರ್ಟಿಟಾ ಎಂಬ ಪ್ರಭೇದವನ್ನು 1876ರಲ್ಲಿ ಇಂಗ್ಲೆಂಡಿನ ಜೇಡತಜ್ಞ ಪಿಕಾರ್ಡ್ ಕೇಂಬ್ರಿಜ್ ವಿವರಿಸಿದ್ದು ಈಜಿಪ್ಟಿನ ಜೇಡಗಳಿಂದ. ನೂರಮೂವತ್ತು ವರ್ಷದ ಮೇಲೆ, 2006-07ರ ಸುಮಾರಿಗೆ, ಮೈಸೂರು ವಿಶ್ವವಿದ್ಯಾಲಯದ ಕೆಂಪರಾಜು ಅವರ ತಂಡ ಹಿಪ್ಪಾಸಾ ಜೇಡಗಳ ವಿಷದ ಬಗ್ಗೆ ಕೆಲಸ ಮಾಡಿತು. ಅವರು ತೆಗೆದುಕೊಂಡ ಮೂರು ಪ್ರಭೇದ: ಪಾರ್ಟಿಟಾ, ಅಜೆಲೆನಾಯ್ಡಿಸ್, ಲೈಕೋಸಿನಾ. ಪಾರ್ಟಿಟಾದ ವಿಷಗ್ರಂಥಿಯಿಂದ ಹಯಲುರೊನಿಡೇಸ್ ಎಂಬ ಕಿಣ್ವವನ್ನು ಬೇರ್ಪಡಿಸಿ ತೆಗೆದರು. ಜೀವಕೋಶಗಳ ನಡುವೆ ಅಂಟಿನ ಹಾಗಿರುವ ವಸ್ತುವನ್ನು ಇದು ಸಡಿಲ ಮಾಡುತ್ತದೆ, ವಿಷದ ಉಳಿದ ಅಂಶಗಳು ಹರಡಲು ದಾರಿ ಬಿಡಿಸಿಕೊಡುತ್ತದೆ. ಹಾವಿನ ವಿಷದಲ್ಲೂ ಇಂಥದ್ದು ಇದೆ. ವಿಷ ಇರುವುದು ಹುಳ ಹಿಡಿಯಲು, ನಮ್ಮನ್ನು ಹೆದರಿಸಲು ಅಲ್ಲ, ಆದ್ದರಿಂದ ಈ ಮಾತು ಓದಿ ಮತ್ತೆ ಗಾಬರಿ ಆಗಬೇಡಿ. ನನಗೆ ಇದರಲ್ಲಿ ಹಿಡಿಸುವುದು ಇನ್ನೊಂದು: ಈಜಿಪ್ಟಿನ ಜೇಡಕ್ಕೆ ಇಟ್ಟ ಹೆಸರು ಮೈಸೂರಿನ ಪ್ರಯೋಗಾಲಯದ ಮೇಜಿನ ತನಕ ಬಂದಿದೆ. ಅಷ್ಟು ದೂರಕ್ಕೆ ಒಂದೇ ಹೆಸರು ನಡೆದು ಬಂದಾಗ, ಎರಡೂ ತುದಿಯ ಜೇಡಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ವರ್ಗೀಕರಣದವರು ಮಾಡಬೇಕು.

ನೋಡುವುದು ಎಂದರೆ ಬಣ್ಣ ನೋಡುವುದಲ್ಲ. ಬಣ್ಣ, ಚುಕ್ಕಿ, ಪಟ್ಟೆ ಒಂದೇ ಪ್ರಭೇದದಲ್ಲೂ ಬದಲಾಗುತ್ತವೆ. ಹೆಣ್ಣಿನ ಹೊಟ್ಟೆಯ ಕೆಳಗೆ ಜನನಾಂಗದ ಮೇಲೊಂದು ಗಟ್ಟಿ ಫಲಕ ಇದೆ, ಗಂಡಿನ ಮುಖದ ಮುಂದೆ ಬಾಕ್ಸಿಂಗ್ ಗ್ಲೌಸ್ ಹಾಕಿದ ಹಾಗೆ ಉಬ್ಬಿದ ಎರಡು ಪುಟ್ಟ ಕೈಗಳಿವೆ. ಬೀಗ ಮತ್ತು ಕೀಲಿಯ ಹಾಗೆ ಇವುಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ತೀರ್ಪು ಅಲ್ಲೇ, ಅದೂ ಬೆಳೆದ ಜೇಡಗಳಲ್ಲಿ ಮಾತ್ರ, ಸೂಕ್ಷ್ಮದರ್ಶಕದ ಕೆಳಗೆ. ಆದ್ದರಿಂದ ನಿಮ್ಮ ಫೋಟೋ ನೋಡಿ ಆ್ಯಪ್ 'ಹಿಪ್ಪಾಸಾ' ಎಂದಿದ್ದನ್ನು ನಂಬಿ. ಅದರ ಮುಂದೆ 'ಗ್ರೀನಲಿಯೇ' ಅಂತಲೋ 'ಅಜೆಲೆನಾಯ್ಡಿಸ್' ಅಂತಲೋ ಸೇರಿಸಿದರೆ ಅದನ್ನು ಖಚಿತ ಎಂದು ತೆಗೆದುಕೊಳ್ಳಬೇಡಿ. ಕುಲದವರೆಗೆ ಹೇಳಿ ನಿಲ್ಲಿಸುವುದು ಸೋಲಲ್ಲ, ಅದು ಪ್ರಾಮಾಣಿಕ ಉತ್ತರ. ತಪ್ಪು ಪ್ರಭೇದದ ಹೆಸರು ಒಮ್ಮೆ ಪಟ್ಟಿಗೆ ಸೇರಿದರೆ ಅದನ್ನು ತೆಗೆಯಲು ಇನ್ನೊಬ್ಬರು ವರ್ಷಗಟ್ಟಲೆ ಒದ್ದಾಡಬೇಕಾಗುತ್ತದೆ. ಭಾರತದ ತೋಳ ಜೇಡಗಳಲ್ಲಿ ಇಂಥ ಕಸ ಬಹಳ ಇದೆ. ಲೈಕೋಸಾ ಎಂಬ ಹಳೆಯ ಕುಲ, 1804ರದ್ದು, ಎಷ್ಟೋ ಕಾಲ ಸಿಕ್ಕ ಸಿಕ್ಕ ತೋಳ ಜೇಡಗಳನ್ನೆಲ್ಲ ತುಂಬುವ ಚೀಲ ಆಗಿತ್ತು. ಈಗ ನಿಧಾನಕ್ಕೆ ಬಿಡಿಸುವ ಕೆಲಸ ನಡೆಯುತ್ತಿದೆ. ಕೊಚ್ಚಿಯ ಸಂಶೋಧಕರು 2017ರಲ್ಲಿ ಓವಿಯಾ ಎಂಬ ಹೊಸ ಕುಲವನ್ನೇ ಕಟ್ಟಿದ್ದು ಅಂಥ ಕೆಲಸ.

ಔಷಧಿ ಹೊಡೆಸಬೇಡಿ. ಇದು ನನ್ನ ಖಡಾಖಂಡಿತ ಉತ್ತರ. ನೂರು ಬಲೆ ಇದೆ ಎಂದರೆ ನೂರು ಜೇಡಗಳು ದಿನಾ ನಿಮ್ಮ ಹುಲ್ಲಿನ ಜಿಗಿಹುಳ, ಮಿಡತೆ ಮರಿ, ಇರುವೆ, ನೊಣ ತಿನ್ನುತ್ತಿವೆ ಎಂದರ್ಥ. ಭತ್ತದ ಗದ್ದೆಯಲ್ಲಿ ಇದರ ಲೆಕ್ಕ ಬಹಳ ದುಬಾರಿಯಾಗಿ ತಿಳಿಯಿತು. ಅಲ್ಲಿ ಕಂದು ಜಿಗಿಹುಳವನ್ನು ಹತೋಟಿಯಲ್ಲಿಡುವುದು ಮುಖ್ಯವಾಗಿ ಪಾರ್ಡೋಸಾ ಸೂಡೋಆನ್ಯುಲಾಟಾ ಎಂಬ ತೋಳ ಜೇಡ ಮತ್ತು ಅದರ ಜೊತೆಗಾರರು. ಏಷ್ಯಾದ ಭತ್ತದ ಗದ್ದೆಗಳ ಜೇಡಗಳಲ್ಲಿ ಹಿಪ್ಪಾಸಾ ಹೋಲ್ಮೆರೇ ಕೂಡ ಇದೆ. ವಿಷ ಸಿಂಪಡಿಸಿದಾಗ ಜೇಡಗಳು ಮೊದಲು ಸತ್ತವು, ಭತ್ತದ ದಂಟಿನೊಳಗೆ ಮೊಟ್ಟೆಯಾಗಿದ್ದ ಜಿಗಿಹುಳ ಉಳಿಯಿತು, ಮರಿಯಾಗಿ ಬಂದಾಗ ತಿನ್ನುವವರು ಯಾರೂ ಇರಲಿಲ್ಲ. ಹೊಡೆದಷ್ಟೂ ಹುಳ ಜಾಸ್ತಿಯಾಯಿತು. ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಏಟಿಗೆ ನಿಷೇಧಿಸಿದ್ದು ಇದೇ ಕಾರಣಕ್ಕೆ. ಮಕ್ಕಳು ಆಡುವ ಜಾಗದಲ್ಲಿ ಜೇಡಕ್ಕಿಂತ ಆ ಔಷಧಿಯೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಆಡುವಷ್ಟು ಜಾಗದಲ್ಲಿ ಹುಲ್ಲು ಕತ್ತರಿಸಿಡಿ, ಸಾಕು. ಬಲೆ ಕಟ್ಟಲು ಆಸರೆ ಸಿಗದಿದ್ದರೆ ಅವೇ ಬದುವಿನ ಕಡೆ ಹೋಗುತ್ತವೆ.

ಮಳೆಗಾಲ ಮುಗಿದ ಮೇಲೇ ಬಲೆ ಇಷ್ಟು ಕಾಣುವುದು ಯಾಕೆ ಎಂದೂ ನಿಮಗೆ ಅನ್ನಿಸಿರಬೇಕು. ಒಂದು, ಆಗ ಹುಲ್ಲು ಚೆನ್ನಾಗಿ ಬೆಳೆದಿರುತ್ತದೆ, ಹುಳ ಸಮೃದ್ಧಿ. ಇನ್ನೊಂದು, ಇಬ್ಬನಿ. ಬೇರೆ ದಿನಗಳಲ್ಲೂ ಬಲೆ ಅಲ್ಲೇ ಇರುತ್ತದೆ, ಹನಿ ಕೂರದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ಒಂದು ದಿನ ಬೆಳಗ್ಗೆ ನೀರಿನ ಸ್ಪ್ರೇ ಬಾಟಲಿ ತಗೊಂಡು ಹೋಗಿ ಹುಲ್ಲಿನ ಮೇಲೆ ಮಂಜಿನ ಹಾಗೆ ಸಿಂಪಡಿಸಿ. ಎಷ್ಟು ಬಲೆ ಎದ್ದು ಬರುತ್ತವೆ ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಕೊನೆಗೆ ಒಂದು ಕೋರಿಕೆ. ಮುಂದಿನ ಸಲ ಫೋಟೋ ತೆಗೆಯುವಾಗ ಬಲೆಯದ್ದು ಒಂದು ಸಾಕು. ಜೇಡದ ಮುಖದ್ದು ಒಂದು, ಎರಡು ದೊಡ್ಡ ಕಣ್ಣು ಕಾಣುವ ಹಾಗೆ. ಮೇಲಿನಿಂದ ಒಂದು, ಹಿಂದಿನ ಉದ್ದ ಕೊಳವೆಗಳು ಕಾಣುವ ಹಾಗೆ. ಮೊಟ್ಟೆ ಚೀಲ ಕಟ್ಟಿಕೊಂಡ ಹೆಣ್ಣು ಸಿಕ್ಕರೆ ಅದು. ತೂತಿನ ಹತ್ತಿರ ಅಲುಗಾಡದೆ ಹತ್ತು ನಿಮಿಷ ಕೂತರೆ ಜೇಡ ತಾನಾಗಿ ಬಾಯಿಗೆ ಬರುತ್ತದೆ, ಕೆದಕಬೇಕಾಗಿಲ್ಲ. ತಾರೀಖು, ತೋಟದ ಜಾಗ, ಬಲೆ ಹುಲ್ಲಿನ ಮೇಲಿತ್ತಾ ಬದುವಿನ ಗೋಡೆಯಲ್ಲಿತ್ತಾ, ಇಷ್ಟನ್ನು ಬರೆದಿಟ್ಟು ಕಳಿಸಿ. ತಿಪಟೂರಿನ ಕಡೆಯ ಚುಕ್ಕಿ ನನ್ನ ನಕ್ಷೆಯಲ್ಲಿ ಇನ್ನೂ ಬಿದ್ದಿಲ್ಲ.